ಕಾಂಟ್ರಾಸ್ಟ್ ಕೊಟ್ಟ ಮೇಲೆ ಕಾಯುವ ಆ ಕೆಲವು ನಿಮಿಷ

ನಾನು ಎಂಆರ್‌ಐ ಟೆಕ್ನಿಷಿಯನ್. ಕ್ಯಾನ್ಸರ್ ಮೆದುಳಿಗೆ ಹರಡಿದೆಯಾ ಎಂದು ನೋಡುವ ಸ್ಕ್ಯಾನ್ ಬಂದರೆ, ಹೊರಗೆ ಎಷ್ಟೇ ಜನ ಕಾಯುತ್ತಿದ್ದರೂ ಅವಸರ ಮಾಡುವುದಿಲ್ಲ. ಅದಕ್ಕೆ ಕಾರಣ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಂದ ಒಬ್ಬ ಅಮ್ಮ.

ಅವರಿಗೆ ಸ್ತನ ಕ್ಯಾನ್ಸರ್ ಚಿಕಿತ್ಸೆ ಆಗಿತ್ತು. ಈಗ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. "ಸಿಟಿ ಸ್ಕ್ಯಾನಲ್ಲಿ ಏನೂ ಇಲ್ಲ ಅಂದ್ರಪ್ಪ, ಮತ್ತೆ ಇದ್ಯಾಕೆ?" ಎಂದು ಕೇಳಿದರು. ಸಿಟಿ ಬೇಗ ಮುಗಿಯುತ್ತದೆ. ರಕ್ತಸ್ರಾವ, ಊತ, ದೊಡ್ಡ ಗಡ್ಡೆ ತೋರಿಸುತ್ತದೆ. ಆದರೆ ಎರಡು ಮೂರು ಮಿ.ಮೀ. ಚುಕ್ಕೆಗಳು ಅದರಲ್ಲಿ ಸುಲಭವಾಗಿ ತಪ್ಪಿಹೋಗುತ್ತವೆ. ಪೆಟ್ ಸ್ಕ್ಯಾನ್ ಕೂಡ ಆಗಿದೆಯಲ್ಲ ಸರ್, ಎಂದ ಮಗ. ಪೆಟ್‌ನಲ್ಲಿ ಸಾಮಾನ್ಯವಾಗಿ ಕೊಡುವುದು ಸಕ್ಕರೆಯಂಥ ವಸ್ತು. ಮೆದುಳು ಯಾವಾಗಲೂ ಸಕ್ಕರೆ ಎಳೆದುಕೊಳ್ಳುವ ಅಂಗ. ಇಡೀ ಮೆದುಳೇ ಹೊಳೆಯುವಾಗ ಸಣ್ಣ ಚುಕ್ಕೆ ಕಾಣುವುದು ಹೇಗೆ, ಅಲ್ವಾ?

ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ನೋಡಿದೆ. ತೂಕ 55 ಕೆ.ಜಿ. ಕಾಂಟ್ರಾಸ್ಟ್ ಅಂದರೆ ಗಡ್ಡೆ ಎದ್ದು ಕಾಣಲಿ ಎಂದು ರಕ್ತನಾಳಕ್ಕೆ ಕೊಡುವ ಔಷಧಿ. ನಮ್ಮಲ್ಲಿದ್ದ ಗ್ಯಾಡೋಲಿನಿಯಂ ಔಷಧಿ ಕೆ.ಜಿ.ಗೆ 0.2 ಮಿ.ಲೀ.ನಂತೆ ಕೊಡುವಂಥದ್ದು, ಅಂದರೆ 11 ಮಿ.ಲೀ. ಇಂಜೆಕ್ಷನ್ ಮುಗಿದ ತಕ್ಷಣ, ಕಾಂಟ್ರಾಸ್ಟ್ ಬೆಳ್ಳಗೆ ಕಾಣುವ ಟಿ1 ಎಂಬ ಬಗೆಯ ಸ್ಕ್ಯಾನ್ ಶುರು ಮಾಡಿಬಿಟ್ಟೆ. ಒಂದು ಚುಕ್ಕೆ ಕಂಡಿತು. ರೇಡಿಯಾಲಜಿಸ್ಟ್ ಮೇಡಂ ಸಮಯ ನೋಡಿ, "ಇಷ್ಟು ಬೇಗ ತೆಗೆದ್ರಾ? ಇನ್ನೊಮ್ಮೆ ತೆಗೀರಿ, ತೆಳು ಸ್ಲೈಸ್ ಇಡಿ" ಎಂದರು. ಸ್ಲೈಸ್ ಅಂದರೆ ಮೆದುಳಿನ ಒಂದೊಂದು ಪದರದ ಚಿತ್ರ. ಎರಡನೇ ಸಲ ಮೂರು ಚುಕ್ಕೆ ಇದ್ದವು.

ಮೆದುಳಿನ ರಕ್ತನಾಳಗಳು ಕಾಂಟ್ರಾಸ್ಟನ್ನು ಹೊರಗೆ ಬಿಡುವುದಿಲ್ಲ. ಗಡ್ಡೆ ಇರುವ ಕಡೆ ಈ ತಡೆ ಹಾಳಾಗಿ ಔಷಧಿ ಸೋರುತ್ತದೆ, ಆ ಜಾಗ ಬೆಳ್ಳಗೆ ಕಾಣುತ್ತದೆ. ಸೋರುವುದಕ್ಕೆ ಸ್ವಲ್ಪ ಹೊತ್ತು ಬೇಕು. ಅದಕ್ಕೇ ಈಗ ಇಂಜೆಕ್ಷನ್ ಕೊಟ್ಟ ಮೇಲೆ ಮೊದಲು ಟಿ2 ಎಂಬ ಇನ್ನೊಂದು ಬಗೆಯ ಸ್ಕ್ಯಾನ್ ಓಡಿಸುತ್ತೇನೆ. ಐದಾರು ನಿಮಿಷ ಸುಮ್ನೆ ಹೋಗುವುದಿಲ್ಲ. ಆಮೇಲೆ 1 ಮಿ.ಮೀ. ಸ್ಲೈಸ್‌ನಲ್ಲಿ 3ಡಿ ಟಿ1. ಇಂಜೆಕ್ಷನ್‌ಗೆ ಮೊದಲೂ ಒಂದು ಟಿ1 ಇರಲೇಬೇಕು. ಗಡ್ಡೆಯೊಳಗೆ ರಕ್ತ ಸೋರಿದ್ದರೆ ಅದು ಕಾಂಟ್ರಾಸ್ಟ್ ಇಲ್ಲದೆಯೂ ಬೆಳ್ಳಗಿರಬಹುದು.

ಸ್ಲೈಸ್ ಚಿತ್ರದಲ್ಲಿ ಅಡ್ಡಲಾಗಿ ಸಿಕ್ಕ ರಕ್ತನಾಳವೂ ಚುಕ್ಕೆಯಂತೆಯೇ ಕಾಣುತ್ತದೆ. ಸ್ಲೈಸ್‌ಗಳನ್ನು ಮೇಲೆ ಕೆಳಗೆ ಸರಿಸಿ ನೋಡಬೇಕು. ದಾರದಂತೆ ಮುಂದೆ ಸಾಗಿದರೆ ನಾಳ, ಒಂದೆರಡು ಸ್ಲೈಸ್‌ನಲ್ಲೇ ನಿಂತರೆ ಅನುಮಾನ. ನಾಳದ ರಕ್ತವನ್ನು ಕಪ್ಪಾಗಿಸುವ ಸ್ಕ್ಯಾನ್ ಬಗೆ (ಸೀಕ್ವೆನ್ಸ್) ಇದ್ದರೆ ಈ ಗೊಂದಲ ಎಷ್ಟೋ ಕಮ್ಮಿ.

ಒಂದಾ, ಮೂರಾ ಎಂಬುದು ಬರೀ ಲೆಕ್ಕವಲ್ಲ. ಚುಕ್ಕೆಗಳಿಗೆ ಮಾತ್ರ ಗುರಿಯಿಟ್ಟು ರೇಡಿಯೇಷನ್ ಕೊಡುವಾಗ, ಚಿತ್ರದಲ್ಲಿ ಕಾಣದ ಚುಕ್ಕೆಗೆ ಚಿಕಿತ್ಸೆಯೇ ಸಿಗುವುದಿಲ್ಲ. ಆ ಅಮ್ಮನಿಗೆ ಮೂರಕ್ಕೂ ಕೊಟ್ಟರು.

ಕೊನೆಯ ಟಿ1ಗೆ ಮೊದಲು ನಾನು ಪ್ರತಿಯೊಬ್ಬರಿಗೂ ಮೈಕ್‌ನಲ್ಲಿ ಹೇಳುತ್ತೇನೆ: "ಇನ್ನು ಆರು ನಿಮಿಷ ಅಷ್ಟೇ ಅಮ್ಮಾ. ಕೆಮ್ಮು ಬರೋ ಹಾಗಿದ್ರೆ ಈಗಲೇ ಕೆಮ್ಮಿಬಿಡಿ. ಆಮೇಲೆ ತಲೆ ಅಲ್ಲಾಡಿಸಬೇಡಿ." ತಲೆ ಅಲುಗಿದರೆ ಮೊದಲು ಮಾಯವಾಗುವುದು ಆ ಸಣ್ಣ ಚುಕ್ಕೆಗಳೇ.