ಫೋನ್ ನಂಬಿ ದೀಪ ಆರಿಸುವ ಮುನ್ನ

ಫೋನ್ ಮನೆಯ ವೈಫೈಗೆ ಸೇರಿದಾಗ ದೀಪ ಹೊತ್ತಬೇಕು, ದೂರವಾದಾಗ ಎಲ್ಲವೂ ಆರಬೇಕು ಎಂದು ಹೊಂದಿಸುವವರಿಗೆ ಒಂದು ಮಾತು. ಬರುವುದನ್ನು ತಕ್ಷಣ ನಂಬಿ, ಹೋಗುವುದನ್ನು ತಡವಾಗಿ ನಂಬಿ. ಪರದೆ ಆರಿದ ಮೇಲೆ ಬ್ಯಾಟರಿ ಉಳಿಸಲು ಫೋನ್ ನೆಟ್‌ವರ್ಕ್‌ನಲ್ಲಿ ಆಗಾಗ ಮೌನವಾಗುತ್ತದೆ. ದೀಪ ನಿಯಂತ್ರಿಸುವ ವ್ಯವಸ್ಥೆಯು ಅದನ್ನು ನಿರ್ಗಮನವೆಂದು ತಿಳಿಯುತ್ತದೆ. ಓದುತ್ತ ಕುಳಿತಿದ್ದಾಗ ಕೋಣೆ ಕತ್ತಲಾದ ಮೇಲೆ ನಾನು 15 ನಿಮಿಷದ ಕಾಯುವಿಕೆ ಇಟ್ಟೆ, ತೊಂದರೆ ನಿಂತಿತು.

ರೂಟರ್ ಮೂಲಕ ಗುರುತಿಸುವುದಾದರೆ, ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನ್‌ಗಳು ನಿಜವಾದ ಮ್ಯಾಕ್ ವಿಳಾಸವನ್ನು (ರೂಟರ್ ಫೋನನ್ನು ಗುರುತಿಸುವ ಸಂಖ್ಯೆ) ಮರೆಮಾಡುತ್ತವೆ. ಮನೆಯ ವೈಫೈಗೆ ಮಾತ್ರ ಆ ಆಯ್ಕೆಯನ್ನು ನಿಲ್ಲಿಸಿ; ಹೊರಗಿನ ನೆಟ್‌ವರ್ಕ್‌ಗಳಲ್ಲಿ ಅದು ಇರಲೇಬೇಕು.

ಜಿಪಿಎಸ್ ಅನ್ನೂ ಜೊತೆಗೆ ಬಳಸಿ. ‘ಮನೆ’ ಎಂದು ನಕ್ಷೆಯಲ್ಲಿ ಗುರುತಿಸುವ ವೃತ್ತದ ತ್ರಿಜ್ಯ 100 ಮೀಟರಿಗಿಂತ ಕಡಿಮೆ ಬೇಡ, ಒಳಾಂಗಣದಲ್ಲಿ ಸ್ಥಳ ಅಷ್ಟು ನಿಖರವಾಗಿ ಸಿಗುವುದಿಲ್ಲ. ವೈಫೈ, ಜಿಪಿಎಸ್ ಎರಡೂ ‘ಇಲ್ಲ’ ಎಂದಾಗಲಷ್ಟೇ ಮನೆ ಖಾಲಿ ಎಂದು ಎಣಿಸಿ.

ಫೋನ್ ಇಲ್ಲದ ಹಿರಿಯರು, ಮಕ್ಕಳು, ಅತಿಥಿಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅವರಿಗಾಗಿ ‘ಮನೆಯಲ್ಲಿ ಜನರಿದ್ದಾರೆ’ ಎಂಬ ಸ್ವಿಚ್ ಒಂದನ್ನು ಖಂಡಿತ ಇಡಿ. ಬಾಗಿಲಿನ ಬೀಗವನ್ನಂತೂ ಫೋನ್ ಹತ್ತಿರ ಬಂದಿತೆಂಬ ಕಾರಣಕ್ಕೇ ತೆರೆಯುವಂತೆ ಮಾಡಬೇಡಿ. ಕಳೆದುಹೋದ ಫೋನ್ ಕೂಡ ಹತ್ತಿರ ಬರಬಹುದು.