ಹನ್ನೆರಡೇ ಸೂರ್ಯನಮಸ್ಕಾರ, ಉಸಿರು ತಪ್ಪದಂತೆ

ರಥಸಪ್ತಮಿ ಬಂದರೂ ಸರಿ, ಯೋಗ ದಿನವಾದ ಜೂನ್ 21 ಬಂದರೂ ಸರಿ, ವಿಜಯಪುರದ ಬಯಲು, ಉದ್ಯಾನಗಳಲ್ಲಿ 108 ಸೂರ್ಯನಮಸ್ಕಾರದ ಉಮೇದು ಏಳುತ್ತದೆ. ಸಾಲಿನಲ್ಲಿ ನಿಂತವರನ್ನು ಸ್ವಲ್ಪ ಹೊತ್ತು ಗಮನಿಸಿದರೆ ಸಂಕಟವಾಗುತ್ತದೆ. ಇಪ್ಪತ್ತು ದಾಟುವಷ್ಟರಲ್ಲಿ ಬಾಯಿಯಿಂದ ಏದುಸಿರು, ಸೊಂಟ ಜೋತು ಬಿದ್ದಿರುತ್ತದೆ, ಕಣ್ಣು ಪಕ್ಕದವರ ಮೇಲಿರುತ್ತದೆ. ಮರುದಿನ ಮಣಿಕಟ್ಟು ನೋವು, ಬೆನ್ನು ನೋವು. ‘ಯೋಗ ನಮಗೆ ಒಗ್ಗುವುದಿಲ್ಲ’ ಎಂದು ಅಲ್ಲಿಗೇ ಕೈಬಿಡುತ್ತಾರೆ. ಒಗ್ಗದೆ ಹೋದದ್ದು ಅವಸರ. ದಿನಕ್ಕೆ ಹನ್ನೆರಡು ನಮಸ್ಕಾರ ಸಾಕು, ಹೊಸಬರಿಗೆ ನಾಲ್ಕೇ ಸಾಕು.

ಸೂರ್ಯೋಪಾಸನೆ ವೇದಕಾಲದಿಂದ ಬಂದದ್ದು. ಆದರೆ ನಾವು ಇಂದು ಮಾಡುವ ಹಂತಗಳ ಕ್ರಮ ಪತಂಜಲಿಯ ಯೋಗಸೂತ್ರದಲ್ಲಿ ಇಲ್ಲ. ಈ ಬಗೆಯ ನಮಸ್ಕಾರವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಶಾಲೆಗಳಿಗೂ ಮನೆಗಳಿಗೂ ಮುಟ್ಟಿಸಿದವರಲ್ಲಿ ಪ್ರಮುಖರು ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತ್ ಪ್ರತಿನಿಧಿ. ನಮ್ಮ ಜಿಲ್ಲೆಯ ಗುಣದಾಳವೂ ಆಗ ಅದೇ ಸಂಸ್ಥಾನಕ್ಕೆ ಸೇರಿತ್ತು. ಪರಂಪರೆಯನ್ನು ಗೌರವಿಸುವವರು ಈ ಇತಿಹಾಸವನ್ನು ಇದ್ದಂತೆಯೇ ಹೇಳಬೇಕು. ಎಲ್ಲವನ್ನೂ ಐದು ಸಾವಿರ ವರ್ಷ ಹಿಂದಕ್ಕೆ ತಳ್ಳಿದರೆ ಅದರ ಬೆಲೆಯೇನೂ ಹೆಚ್ಚುವುದಿಲ್ಲ. ಪತಂಜಲಿ ಆಸನಕ್ಕೆ ಮೀಸಲಿಟ್ಟದ್ದು ಮೂರೇ ಸೂತ್ರ. ಮೊದಲನೆಯದು ‘ಸ್ಥಿರಸುಖಮಾಸನಮ್’, ಅಂದರೆ ಸ್ಥಿರವಾಗಿಯೂ ಸುಖವಾಗಿಯೂ ಇರುವುದೇ ಆಸನ. ಅದರ ಬೆನ್ನಿಗೇ ಪ್ರಯತ್ನವನ್ನು ಸಡಿಲಿಸಬೇಕೆಂಬ ಮಾತು. ಅಲ್ಲಿರುವುದು ಕುಳಿತುಕೊಳ್ಳುವ ಭಂಗಿಯ ವಿಚಾರ. ಆದರೂ ನಮಸ್ಕಾರದ ಪ್ರತಿ ಹಂತವನ್ನು ಇದೇ ಅಳತೆಗೋಲಿನಿಂದ ನೋಡಿಕೊಳ್ಳಬಹುದು. ಈ ಸೂತ್ರಗಳನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ನಮ್ಮ ಊರಿನಲ್ಲೇ ಇದ್ದರು. ಅವರ ಪ್ರವಚನ ಕೇಳಿದ ಹಿರಿಯರು ಮನೆಯಲ್ಲಿದ್ದರೆ ಮೊದಲು ಅವರನ್ನು ಕೇಳಿ, ಮೊಬೈಲ್ ಆಮೇಲೆ ನೋಡಿ.

ಸಿದ್ಧತೆ: ಖಾಲಿ ಹೊಟ್ಟೆ, ಸಡಿಲ ಬಟ್ಟೆ, ಪೂರ್ವಕ್ಕೆ ಮುಖ. ಚಹಾ ಆಮೇಲೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲೇ ಮುಗಿಸಿ. ರಕ್ತದೊತ್ತಡ, ಹರ್ನಿಯಾ, ಬೆನ್ನುಮೂಳೆಯ ತೊಂದರೆ ಇದ್ದವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಶುರುಮಾಡಬೇಡಿ.

ಚಾಪೆಯ ಬಗ್ಗೆ ಒಂದು ಮಾತು. ಹಾಸಿಗೆಯಂತೆ ಮೆತ್ತಗಿರುವ ಹತ್ತು ಮಿಲಿಮೀಟರಿನ ಫೋಮ್ ಚಾಪೆಯನ್ನು ಮುಟ್ಟಲೇಬೇಡಿ. ಅದರಲ್ಲಿ ಅಂಗೈ ಹೂತು ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ. ನಾಲ್ಕರಿಂದ ಆರು ಮಿಲಿಮೀಟರಿನ ರಬ್ಬರ್ ಚಾಪೆ ಒಳ್ಳೆಯದು. ಅಂಗಡಿಯಲ್ಲೇ ನೆಲಕ್ಕೆ ಹಾಸಿಸಿ, ಅಂಗೈ ಊರಿ ಮುಂದಕ್ಕೆ ತಳ್ಳಿ ನೋಡಿ. ಜಾರಿದರೆ ಕೊಳ್ಳಬೇಡಿ. ಅಂಗಳದ ಮಣ್ಣು ನೆಲದಲ್ಲಾದರೆ ಹಳೆಯ ಜಮಖಾನವೇ ಸಾಕು, ಫರಸಿ ಕಲ್ಲಿನ ಮೇಲೆ ಅದು ಜಾರುತ್ತದೆ.

ಹಂತ 1ರಿಂದ 3: ಕೈಮುಗಿದು ನಿಂತು ಉಸಿರು ಬಿಡಿ. ಉಸಿರು ತೆಗೆದುಕೊಳ್ಳುತ್ತ ಕೈಗಳನ್ನು ಮೇಲೆತ್ತಿ. ಬಿಡುತ್ತ ಮುಂದಕ್ಕೆ ಬಾಗಿ. ಅಂಗೈ ನೆಲ ಮುಟ್ಟದಿದ್ದರೆ ಮೊಣಕಾಲನ್ನು ಧಾರಾಳವಾಗಿ ಮಡಚಿ.

ಹಂತ 4: ಉಸಿರು ತೆಗೆದುಕೊಳ್ಳುತ್ತ ಬಲಗಾಲನ್ನು ಹಿಂದಕ್ಕೆ ಚಾಚಿ, ಮೊಣಕಾಲು ನೆಲಕ್ಕಿರಲಿ. ಮುಂದಿರುವ ಎಡ ಮೊಣಕಾಲು ಹಿಮ್ಮಡಿಯ ನೇರಕ್ಕೆ ಬರಲಿ.

ಹಂತ 5: ಉಸಿರು ಬಿಡುತ್ತ ಎಡಗಾಲನ್ನೂ ಹಿಂದಕ್ಕೆ ಒಯ್ದು ಸೊಂಟವನ್ನು ಮೇಲೆತ್ತಿ. ಹಿಮ್ಮಡಿ ನೆಲ ಮುಟ್ಟಲೇಬೇಕೆಂದು ಹಟ ಬೇಡ, ಬೆನ್ನು ನೇರವಾದರೆ ಸಾಕು. ಇಲ್ಲಿ ಉಸಿರನ್ನು ಪೂರ್ತಿ ಖಾಲಿ ಮಾಡಿ.

ಹಂತ 6: ಎಲ್ಲ ಕೆಡುವುದು ಇಲ್ಲಿಯೇ. ಗರಡಿಯಲ್ಲಿ ಸಾಮು ಮಾಡಿದವರು ದಂಡ ಹೊಡೆದಂತೆ ಇಡೀ ಮೈಯನ್ನು ಒಟ್ಟಿಗೆ ಇಳಿಸುತ್ತಾರೆ, ಉಳಿದವರು ಹೊಟ್ಟೆಯ ಮೇಲೆ ಧೊಪ್ಪನೆ ಬೀಳುತ್ತಾರೆ. ಎರಡೂ ತಪ್ಪು. ಮೊದಲು ಎರಡು ಮೊಣಕಾಲು ನೆಲಕ್ಕೆ ಬರಲಿ. ಅಲ್ಲಿ ಒಂದು ಕ್ಷಣ ನಿಲ್ಲಿ. ಆಮೇಲೆ ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಂಡೇ ಮಡಚುತ್ತ ಎದೆಯನ್ನು ಎರಡು ಅಂಗೈಗಳ ನಡುವೆ ಇಳಿಸಿ, ಕೊನೆಗೆ ಗದ್ದ. ಮೊಣಕೈ ಹೊರಕ್ಕೆ ಅಗಲಿಸಿದರೆ ಭುಜ ನೋಯುತ್ತದೆ. ಈಗ ಎರಡು ಪಾದ, ಎರಡು ಮೊಣಕಾಲು, ಎರಡು ಅಂಗೈ, ಎದೆ, ಗದ್ದ ಹೀಗೆ ಎಂಟು ಕಡೆ ಮಾತ್ರ ಮೈ ನೆಲಕ್ಕೆ ತಾಗಿರಬೇಕು. ಸೊಂಟ ಮೇಲಿರುತ್ತದೆ, ಹೊಟ್ಟೆಯ ಕೆಳಗೆ ಅಂಗೈ ತೂರುವಷ್ಟು ಜಾಗ ಇರುತ್ತದೆ. ಮನೆಯವರಿಗೆ ಹೇಳಿ ಕೈ ತೂರಿಸಿ ನೋಡಿಸಿಕೊಳ್ಳಿ. ಐದನೆಯ ಹಂತದಲ್ಲಿ ಬಿಟ್ಟ ಉಸಿರನ್ನು ಇಲ್ಲಿ ಎರಡು ಎಣಿಸುವಷ್ಟು ಹೊತ್ತು ಹೊರಗೇ ನಿಲ್ಲಿಸಬೇಕು. ರಕ್ತದೊತ್ತಡ ಇದ್ದವರಿಗೆ ವೈದ್ಯರು ಒಪ್ಪಿಗೆ ಕೊಟ್ಟಿದ್ದರೂ ಉಸಿರು ನಿಲ್ಲಿಸುವುದು ಬೇಡ, ಸಹಜವಾಗಿ ಉಸಿರಾಡಲಿ.

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ದೀಡ ನಮಸ್ಕಾರ ಹಾಕುವವರನ್ನು ಗಮನವಿಟ್ಟು ನೋಡಿ. ಉದ್ದಕ್ಕೆ ಅಡ್ಡಬಿದ್ದು, ಕೈ ಮುಟ್ಟಿದಲ್ಲಿ ಗುರುತು ಹಾಕಿ, ಎದ್ದು ಆ ಗುರುತಿಗೆ ಬಂದು ನಿಂತು ಮತ್ತೆ ಅಡ್ಡಬೀಳುತ್ತಾರೆ. ಮೈಯನ್ನು ನೆಲಕ್ಕೆ ಒಪ್ಪಿಸುವ ಆ ನಿಧಾನ ಈ ಆರನೆಯ ಹಂತಕ್ಕೆ ಬೇಕು. ಬರುವುದಿಲ್ಲವೆಂದರೆ ಒಂದು ವಾರ ಬರೀ ಐದು, ಆರು, ಏಳನೆಯ ಹಂತಗಳನ್ನಷ್ಟೇ ಮಾಡಿ.

ಹಂತ 7: ಉಸಿರು ತೆಗೆದುಕೊಳ್ಳುತ್ತ ಎದೆಯನ್ನು ಮುಂದಕ್ಕೆ ಸರಿಸಿ, ಸೊಂಟ ನೆಲಕ್ಕೆ ಇಳಿದ ಮೇಲೆ ಎದೆ ಎತ್ತಿ. ಕೈ ನೇರ ಮಾಡಿ ತಳ್ಳಬೇಡಿ, ಬೆನ್ನಿನ ಬಲದಿಂದ ಏಳಿ. ಭುಜ ಕಿವಿಯಿಂದ ದೂರ ಇರಲಿ. ಕತ್ತನ್ನು ಹಿಂದಕ್ಕೆ ಎಸೆದು ಆಕಾಶ ನೋಡುವ ಚಪಲ ಬಿಡಿ, ದೃಷ್ಟಿ ಎದುರಿಗಿದ್ದರೆ ಸಾಕು.

ಹಂತ 8ರಿಂದ 12: ಬಂದ ದಾರಿಯಲ್ಲೇ ವಾಪಸು. ಬಿಡುತ್ತ ಸೊಂಟ ಮೇಲೆ, ತೆಗೆದುಕೊಳ್ಳುತ್ತ ಬಲಗಾಲು ಮುಂದೆ, ಬಿಡುತ್ತ ಬಾಗಿ, ತೆಗೆದುಕೊಳ್ಳುತ್ತ ಕೈ ಮೇಲೆ, ಬಿಡುತ್ತ ಕೈಮುಗಿಯಿರಿ. ಮುಂದಿನ ನಮಸ್ಕಾರದಲ್ಲಿ ಎಡಗಾಲು ಮೊದಲು. ಒಂದೊಂದಕ್ಕೂ ಮುಕ್ಕಾಲು ನಿಮಿಷವಾದರೂ ಹಿಡಿಯಬೇಕು. ‘ಐದು ನಿಮಿಷದಲ್ಲಿ ಐವತ್ತು’ ಎನ್ನುವ ವಿಡಿಯೊಗಳ ಹಿಂದೆ ಹೋಗಬೇಡಿ. ಮೂಗಿನ ಉಸಿರು ಸಾಲದೆ ಬಾಯಿ ತೆರೆಯಿತೋ, ಅವತ್ತಿನ ಎಣಿಕೆ ಅಲ್ಲಿಗೆ ನಿಲ್ಲಲಿ.

‘ಓಂ ಮಿತ್ರಾಯ ನಮಃ’ದಿಂದ ‘ಓಂ ಭಾಸ್ಕರಾಯ ನಮಃ’ದವರೆಗೆ ಹನ್ನೆರಡು ನಾಮಗಳಿವೆ, ನಮಸ್ಕಾರಕ್ಕೊಂದು. ಕೈಮುಗಿದು ನಿಂತಾಗಲೇ ಹೇಳಿ ಮುಗಿಸಿ, ಬಾಗುವಾಗ ಹೇಳಿದರೆ ಉಸಿರು ಕೆಡುತ್ತದೆ. ಮಂತ್ರ ಬೇಡವೆನ್ನುವವರು ಮೌನವಾಗಿ ಮಾಡಲಿ, ಅವರನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಿ ತಾಳಕ್ಕೆ ಕುಣಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ತಾಳ ನಿಮ್ಮ ಉಸಿರಿನದೇ ಇರಬೇಕು.

ಕೊನೆಗೆ ಐದು ನಿಮಿಷ ಶವಾಸನ, ಅಂದರೆ ಅಂಗಾತ ಮಲಗಿ ಮೈ ಸಡಿಲ ಬಿಡುವುದು. ಗುಂಪಿನಲ್ಲಿ ಎಲ್ಲರೂ ಇದನ್ನು ಬಿಟ್ಟು ಚಪ್ಪಲಿ ಹುಡುಕುತ್ತಾರೆ. ಬಿಡಬೇಡಿ. ಅಂಗೈ ಮೇಲ್ಮುಖ, ಪಾದ ಸಡಿಲ, ಮೈ ತಣ್ಣಗಾಗುವ ಹಾಗಿದ್ದರೆ ಮೇಲೊಂದು ಶಾಲು. ಏಳುವಾಗ ಬಲಕ್ಕೆ ಹೊರಳಿ ಕೈಯೂರಿ ಏಳಿ. ಬೆವರು ಆರಲಿ, ಸ್ನಾನಕ್ಕೆ ಅರ್ಧ ಗಂಟೆ ತಡೆಯಿರಿ.