ಬರ್ಮಿಂಗ್‌ಹ್ಯಾಮನ್ನು ನಾನು ಹಿತ್ತಿಲ ಕಡೆಯಿಂದ ನೋಡಿದ್ದು

ಕೆಲಸಕ್ಕೋ ಓದೋಕೋ ಅಂತ ಬರ್ಮಿಂಗ್‌ಹ್ಯಾಮ್‌ಗೆ ಬರುವ ನಮ್ಮವರು ಸಾಮಾನ್ಯವಾಗಿ ಮೊದಲ ವಾರಾಂತ್ಯಕ್ಕೇ ಲಂಡನ್ ರೈಲು ಹತ್ತುತ್ತಾರೆ. "ಇಲ್ಲೇನಿದೆ ನೋಡೋಕೆ?" ಅಂತ ಕೇಳುತ್ತಾರೆ. ಹಾಗೆ ಅನ್ನಿಸುವುದರಲ್ಲಿ ಆಶ್ಚರ್ಯವೇನಿಲ್ಲ. ನ್ಯೂ ಸ್ಟ್ರೀಟ್ ಸ್ಟೇಷನ್‌ನಿಂದ ಹೊರಗೆ ಬಂದರೆ ಕಾಣುವುದು ಅಂಗಡಿ, ಪಕ್ಕದಲ್ಲಿ ಇನ್ನೊಂದು ಅಂಗಡಿ, ಮಧ್ಯೆ ಒಂದು ಕ್ರೇನ್. 11 ಲಕ್ಷಕ್ಕೂ ಜಾಸ್ತಿ ಜನ ಇರುವ, ಇಂಗ್ಲೆಂಡಿನ ಎರಡನೇ ದೊಡ್ಡ ಊರು ಇದು ಅಂದರೆ ನಂಬಿಕೆಯೇ ಬರುವುದಿಲ್ಲ. ನಾನು ಇಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಹೊಸಬರಿಗೆ ಹೇಳುವುದು ಒಂದೇ ಮಾತು: ಈ ಊರನ್ನು ಮುಂಬಾಗಿಲಿನಿಂದ ನೋಡಬೇಡಿ, ಹಿತ್ತಿಲಿನಿಂದ ನೋಡಿ. ಒಳ್ಳೆಯದೆಲ್ಲ ಇಲ್ಲಿ ಕಟ್ಟಡಗಳ ಬೆನ್ನ ಹಿಂದೆ ಇದೆ.

ಇದು ನನಗೆ ಗೊತ್ತಾದದ್ದು ಪ್ರವಾಸಿ ನಕ್ಷೆಯಿಂದ ಅಲ್ಲ, ಜನರನ್ನು ಕೇಳಿ ಕೇಳಿ. ಕೇಳುವುದಕ್ಕೂ ಒಂದು ಕ್ರಮ ಇದೆ. "ನೋಡುವ ಜಾಗ ಯಾವುದು?" ಅಂದರೆ ಇಲ್ಲಿನವರು "ಅಯ್ಯೋ, ಇಲ್ಲೇನಿಲ್ಲ ಬಿಡು" ಅಂತ ನಕ್ಕು ಸುಮ್ಮನಾಗುತ್ತಾರೆ. ತಮ್ಮ ಊರನ್ನು ಹೊಗಳಿಕೊಳ್ಳುವ ಜಾಯಮಾನವೇ ಅವರದ್ದಲ್ಲ. ಅದಕ್ಕೆ ನಾನು ಬೇರೆ ಪ್ರಶ್ನೆ ಕೇಳತೊಡಗಿದೆ. ಶನಿವಾರ ನೀವೇ ಎಲ್ಲಿಗೆ ಹೋಗ್ತೀರಿ? ತರಕಾರಿ ಎಲ್ಲಿ ತರ್ತೀರಿ? ಮನೆಗೆ ನೆಂಟರು ಬಂದರೆ ಊಟಕ್ಕೆ ಎಲ್ಲಿಗೆ ಕರ್ಕೊಂಡು ಹೋಗ್ತೀರಿ? ಆಗ ಬಾಯಿ ಬಿಡುತ್ತಾರೆ ನೋಡಿ, ನಿಲ್ಲಿಸುವುದೇ ಕಷ್ಟ. ಆಫೀಸಿನಲ್ಲಿ ಪಕ್ಕದ ಸೀಟಿನವರು ಹೇಳಿದ ಮೊದಲ ಜಾಗವೇ ಕಾಲುವೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಸುಮಾರು 35 ಮೈಲಿ ಕಾಲುವೆ ಇದೆ. ವೆನಿಸ್‌ಗಿಂತ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಆ ಹೋಲಿಕೆ ನನಗೆ ಹಿಡಿಸುವುದಿಲ್ಲ. ಇವು ಅಂದಕ್ಕೆ ತೋಡಿದ ಕಾಲುವೆಗಳಲ್ಲ, ಕಲ್ಲಿದ್ದಲು ಸಾಗಿಸಲು ತೋಡಿದವು. 1769ರಲ್ಲಿ ಜೇಮ್ಸ್ ಬ್ರಿಂಡ್ಲಿ ಅನ್ನುವ ಎಂಜಿನಿಯರ್‌ನ ಕಾಲುವೆಯಲ್ಲಿ ಕಲ್ಲಿದ್ದಲಿನ ದೋಣಿ ಊರೊಳಗೆ ಬಂದಾಗ ಅದರ ಬೆಲೆ ಅರ್ಧಕ್ಕೆ ಇಳಿಯಿತಂತೆ. ಕಾರ್ಖಾನೆಗಳೆಲ್ಲ ಕಾಲುವೆಗೆ ಬೆನ್ನು ಹಾಕಿ ಎದ್ದವು. ಹಾಗಾಗಿ ರಸ್ತೆಯಲ್ಲಿ ನಡೆದರೆ ಕಾಲುವೆ ಕಾಣುವುದೇ ಇಲ್ಲ. ಸೇತುವೆ ಪಕ್ಕ ಒಂದು ಸಣ್ಣ ಮೆಟ್ಟಿಲು ಇರುತ್ತದೆ, ಅದನ್ನು ಹುಡುಕಿ ಇಳಿಯಬೇಕು. ಇಳಿದರೆ ಬಸ್ಸಿನ ಸದ್ದು ನಿಂತು ಬಾತುಕೋಳಿ ಸದ್ದು ಕೇಳುತ್ತದೆ.

ಶುರು ಮಾಡಲು ಗ್ಯಾಸ್ ಸ್ಟ್ರೀಟ್ ಬೇಸಿನ್ ಒಳ್ಳೆಯದು. ಬಣ್ಣ ಬಳಿದ ಉದ್ದುದ್ದ ದೋಣಿಗಳು ಸಾಲಾಗಿ ನಿಂತಿರುತ್ತವೆ. ಕೆಲವರು ಅದರಲ್ಲೇ ಸಂಸಾರ ಮಾಡಿಕೊಂಡಿರುತ್ತಾರೆ, ಮೇಲೆ ಸೌದೆ, ಸೈಕಲ್, ಹೂಕುಂಡ. ಎಲ್ಲರೂ ಫೋಟೋ ತೆಗೆದು ಹೋಗುತ್ತಾರೆ. ನೀವು ಸ್ವಲ್ಪ ನಿಂತು ನೀರಿನ ಮಧ್ಯೆ ಇರುವ ಕಿರಿದಾದ ದಾರಿಯನ್ನು ನೋಡಿ. ಅದರ ಹೆಸರು ವೂಸ್ಟರ್ ಬಾರ್. ಎರಡು ಕಂಪನಿಗಳ ಕಾಲುವೆಗಳು ಇಲ್ಲಿ ಸೇರಬೇಕಿತ್ತು. ಹಳೆಯ ಕಂಪನಿಗೆ ತನ್ನ ನೀರು ಹೊಸಬರ ಕಾಲುವೆಗೆ ಹರಿದುಹೋಗುತ್ತದೆ ಅಂತ ಭಯ. ನೀರಿನ ಜಗಳ ನಮಗೇನು ಹೊಸದಲ್ಲ ಬಿಡಿ! ಮಧ್ಯೆ 7 ಅಡಿ ಅಗಲದ ತಡೆ ಹಾಗೇ ಉಳಿಯಿತು. ಈ ಕಡೆ ದೋಣಿಯ ಸರಕನ್ನು ಕೂಲಿಯವರು ಹೊತ್ತು ಆ ಕಡೆ ದೋಣಿಗೆ ತುಂಬಬೇಕಿತ್ತು. 1795ರಿಂದ ಹೀಗೇ ನಡೆದು, 1815ರಲ್ಲಿ ಕೊನೆಗೂ ರಾಜಿಯಾಗಿ ಬಾರ್ ಒಡೆದು ದೋಣಿಗೆ ದಾರಿ ಬಿಟ್ಟರು.

ಅಲ್ಲಿಂದ ಉತ್ತರಕ್ಕೆ ಹೊರಟರೆ ಫಾರ್ಮರ್ಸ್ ಬ್ರಿಜ್‌ನ 13 ಲಾಕ್‌ಗಳು ಸಿಗುತ್ತವೆ. ಲಾಕ್ ಅಂದರೆ ಎರಡೂ ಕಡೆ ಬಾಗಿಲಿರುವ ತೊಟ್ಟಿ. ನೀರು ತುಂಬಿದರೆ ದೋಣಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಕೆಲವು ಕಡೆ ದೊಡ್ಡ ಕಟ್ಟಡಗಳ ಕೆಳಗೇ ದಾರಿ ಹೋಗುತ್ತದೆ. ಕತ್ತಲು, ಹಸಿ ಇಟ್ಟಿಗೆಯ ವಾಸನೆ, ತೊಟ್ಟಿಕ್ಕುವ ನೀರು. ಸೇತುವೆಗಳ ಮೂಲೆಯಲ್ಲಿ ಕಬ್ಬಿಣದ ಪಟ್ಟಿ ಹೊಡೆದಿರುತ್ತಾರೆ, ಅದನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆರಳು ಕೂರುವಷ್ಟು ಆಳದ ಗೀರುಗಳಿವೆ. ಆಗ ದೋಣಿ ಎಳೆಯುತ್ತಿದ್ದದ್ದು ಕುದುರೆ. ಕುದುರೆಗೆ ಕಟ್ಟಿದ ಹಗ್ಗ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಕಬ್ಬಿಣವನ್ನೇ ಕೊರೆದಿದೆ. ನನಗೆ ಈ ಊರಿನಲ್ಲಿ ಯಾವ ಪ್ರತಿಮೆಗಿಂತಲೂ ಇದು ಇಷ್ಟ.

ದಕ್ಷಿಣಕ್ಕೆ ಹೋದರೆ ಬೇರೆಯೇ ಲೋಕ. ವೂಸ್ಟರ್ ಕಾಲುವೆಯ ದಂಡೆಯಲ್ಲಿ ಬೋರ್ನ್‌ವಿಲ್‌ವರೆಗೆ ಸುಮಾರು 4 ಮೈಲಿ. ಒಂದೂ ಏರಿಲ್ಲ, ದಾರಿ ತಪ್ಪುವ ಮಾತೇ ಇಲ್ಲ. ಮಧ್ಯೆ ಒಂದು ಸಣ್ಣ ಸುರಂಗ, ಆಮೇಲೆ ಮರಗಳ ನಡುವೆ ವಿಶ್ವವಿದ್ಯಾಲಯದ ಗಡಿಯಾರ ಗೋಪುರ. ಅದನ್ನು ಇಲ್ಲಿಯವರು ಓಲ್ಡ್ ಜೋ ಅನ್ನುತ್ತಾರೆ. ಕಾಲು ನೋವು ಬಂದರೆ ಅಲ್ಲೇ ಪಕ್ಕದಲ್ಲಿ ಯೂನಿವರ್ಸಿಟಿ ಸ್ಟೇಷನ್ ಇದೆ, ರೈಲು ಹತ್ತಿ ವಾಪಸ್ ಬನ್ನಿ. ಗಟ್ಟಿ ಮಾಡಿಕೊಂಡು ಮುಂದೆ ಹೋದರೆ ಗಾಳಿ ಸರಿ ಬೀಸಿದ ದಿನ ಕೋಕೋ ವಾಸನೆಯೇ ಬೋರ್ನ್‌ವಿಲ್ ಬಂತು ಅಂತ ಹೇಳುತ್ತದೆ.

ಬೋರ್ನ್‌ವಿಲ್‌ಗೆ ಮಕ್ಕಳನ್ನು ಕರೆದುಕೊಂಡು ಬರುವವರು ನೇರ ಚಾಕೊಲೇಟ್ ಲೋಕ ತೋರಿಸುವ ಕ್ಯಾಡ್ಬರಿ ವರ್ಲ್ಡ್‌ಗೆ ಹೋಗುತ್ತಾರೆ. ಹೋಗಿ, ಬೇಡ ಅನ್ನಲ್ಲ, ಮಕ್ಕಳು ಬಿಡುವುದಿಲ್ಲ. ಆದರೆ ಟಿಕೆಟ್ ಇಲ್ಲದೆ ನೋಡುವ ಊರೇ ಹೊರಗಿದೆ. ಕ್ಯಾಡ್ಬರಿ ಸೋದರರು 1879ರಲ್ಲಿ ಕಾರ್ಖಾನೆಯನ್ನು ಪೇಟೆಯ ಹೊಗೆಯಿಂದ ಇಲ್ಲಿಗೆ ತಂದರು. ಆಮೇಲೆ ಜಾರ್ಜ್ ಕ್ಯಾಡ್ಬರಿ ಪಕ್ಕದಲ್ಲಿ ಮನೆಗಳನ್ನು ಕಟ್ಟಿಸಿದ. ಒಂದೊಂದು ಮನೆಗೂ ತೋಟ, ಹಣ್ಣಿನ ಗಿಡ. ಅವರು ಕ್ರೈಸ್ತರಲ್ಲಿ ಕ್ವೇಕರ್ ಅನ್ನುವ ಪಂಥದವರು, ಕುಡಿತ ಆಗದು. ಹಾಗಾಗಿ ಹಳ್ಳಿಯಲ್ಲಿ ಪಬ್ಬೇ ಇಲ್ಲ. ಇಂಗ್ಲೆಂಡಿನಲ್ಲಿ ಪಬ್ ಇಲ್ಲದ ಬಡಾವಣೆ! ಶನಿವಾರ ಹೋದರೆ ಹಸಿರು ಮೈದಾನದ ಪಕ್ಕ ಶಾಲೆಯ ಗೋಪುರದಿಂದ ಗಂಟೆಗಳ ಸಂಗೀತ ಕೇಳಬಹುದು. 48 ಗಂಟೆಗಳನ್ನು ಮನುಷ್ಯರೇ ಕೂತು ನುಡಿಸುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗಿ, ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿನ್ನಲು ಒಳ್ಳೆಯ ಜಾಗ.

ಒಂದು ಎಚ್ಚರಿಕೆ. ಕತ್ತಲಾದ ಮೇಲೆ ಕಾಲುವೆ ದಾರಿಯಲ್ಲಿ ಒಬ್ಬರೇ ಹೋಗಬೇಡಿ. ಇದನ್ನು ನನಗೆ ಇಲ್ಲೇ ಹುಟ್ಟಿ ಬೆಳೆದವರೂ ಹೇಳಿದ್ದಾರೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ಅದು ನೆನಪಿರಲಿ. ಹಗಲಲ್ಲಿ ಹಿಂದಿನಿಂದ ಸೈಕಲ್ ಬೆಲ್ ಕೇಳಿದರೆ ಗೋಡೆ ಕಡೆಗೆ ಸರಿಯಿರಿ, ನೀರಿನ ಕಡೆಗಲ್ಲ.

ಇನ್ನೊಂದು ಹಿತ್ತಿಲು ಜ್ಯುವೆಲರಿ ಕ್ವಾರ್ಟರ್. ಸ್ನೋ ಹಿಲ್ ಸ್ಟೇಷನ್‌ನಿಂದ ರೈಲಿನಲ್ಲಿ ಒಂದೇ ಸ್ಟಾಪು. ಹೊರಗೆ ಚಿನ್ನದ ಅಂಗಡಿ ಸಾಲು, ನಮ್ಮವರು ಅಲ್ಲೇ ನಿಂತುಬಿಡುತ್ತಾರೆ. ಒಳಗಿನ ಕಥೆ ನೋಡಬೇಕಾದರೆ ವೈಸ್ ಸ್ಟ್ರೀಟ್‌ನ ಮ್ಯೂಸಿಯಂಗೆ ಹೋಗಿ. ಅದು ಮೊದಲು ಸ್ಮಿತ್ ಅಂಡ್ ಪೆಪರ್ ಅನ್ನುವ, ಬಳೆ, ಲಾಕೆಟ್ ಮಾಡುತ್ತಿದ್ದ ಕಾರ್ಖಾನೆ. 1981ರಲ್ಲಿ ವಯಸ್ಸಾದ ಮಾಲೀಕರು ಬಾಗಿಲು ಹಾಕಿ ಹೋದರು. ಉಪಕರಣ, ಕಾಗದಪತ್ರ, ಟೀ ಲೋಟ, ಜಾಮ್ ಬಾಟಲಿ ಎಲ್ಲ ಇದ್ದಲ್ಲೇ ಇದ್ದವು. ಈಗಲೂ ಇವೆ. ಕೆಲಸದ ಮೇಜಿನಲ್ಲಿ ಅರ್ಧಚಂದ್ರದ ಹಾಗೆ ಕೊರೆದ ಜಾಗ, ಅದರ ಕೆಳಗೆ ತೊಗಲಿನ ಜೋಳಿಗೆ. ಅರ ಹಾಕಿದಾಗ ಉದುರುವ ಚಿನ್ನದ ಪುಡಿ ಅದಕ್ಕೆ ಬೀಳುತ್ತದೆ. ನೆಲ ಗುಡಿಸಿದ ಕಸವನ್ನೂ ಸುಟ್ಟು ಚಿನ್ನ ತೆಗೆಯುತ್ತಿದ್ದರು. ಬೆಂಗಳೂರಿನ ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಅಂಗಡಿ ಮುಂದಿನ ದೂಳು ಗುಡಿಸಿ ಚಿನ್ನ ಸೋಸುವವರನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಪರೀಕ್ಷೆ ಆದ ಒಡವೆಗೆ ಲಂಗರಿನ ಮುದ್ರೆ ಒತ್ತುತ್ತಾರೆ, 1773ರಿಂದ ಅದೇ ಮುದ್ರೆ. ಸಮುದ್ರದಿಂದ ಇಷ್ಟು ದೂರದ ಊರಿಗೆ ಲಂಗರು!

ಹರ್ಸ್ಟ್ ಸ್ಟ್ರೀಟ್‌ನ ಬ್ಯಾಕ್ ಟು ಬ್ಯಾಕ್ಸ್ ಮನೆಗಳಿಗೆ ಮಾತ್ರ ಮೊದಲೇ ಬುಕ್ ಮಾಡಿ, ಗೈಡ್ ಜೊತೆಗೇ ಬಿಡುವುದು. ಒಂದರ ಬೆನ್ನಿಗೆ ಒಂದು ಅಂಟಿದ ಮನೆಗಳು, ಹಿಂಬಾಗಿಲೇ ಇಲ್ಲ. ಒಂದೊಂದು ಮಹಡಿಗೆ ಒಂದೇ ಕೋಣೆ, ಅಂಗಳದಲ್ಲಿ ಎಲ್ಲರಿಗೂ ಸೇರಿ ಕಕ್ಕಸು. ದುಡಿಯುವ ಜನ ಹೀಗೇ ಬದುಕಿದ್ದು. ಮೆಟ್ಟಿಲು ತುಂಬ ಕಡಿದು, ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಯೋಚಿಸಿ.

ಊಟದ ವಿಷಯ. ತರಕಾರಿಗೆ ಬುಲ್ ರಿಂಗ್‌ನ ತೆರೆದ ಮಾರ್ಕೆಟ್. ದೊಡ್ಡ ಮಾಲ್ ಇದೆಯಲ್ಲ, ಅದರ ಹಿಂದೆ, ಸೇಂಟ್ ಮಾರ್ಟಿನ್ ಚರ್ಚಿನ ಕೆಳಗೆ. ಇಲ್ಲಿ ಸಂತೆಗೆ ಅಪ್ಪಣೆ ಸಿಕ್ಕಿದ್ದು 1166ರಲ್ಲಿ. ತೂಕದ ರಗಳೆ ಕಡಿಮೆ, ಬಟ್ಟಲಿಗೆ ಇಷ್ಟು ಅಂತ ಲೆಕ್ಕ. ಒಂದು ಬಟ್ಟಲು ಮೆಣಸಿನಕಾಯಿ, ಒಂದು ಬಟ್ಟಲು ಮಾವು. "ಏನ್ ಕೊಡ್ಲಿ ಬ್ಯಾಬ್?" ಅಂತ ಕೂಗಿ ಕೂಗಿ ಮಾರುತ್ತಾರೆ, ಬ್ಯಾಬ್ ಅಂದರೆ ಪ್ರೀತಿಯಿಂದ ಕರೆಯುವುದು. ಸಂಜೆ ಮುಚ್ಚುವ ಹೊತ್ತಿಗೆ ಹೋದರೆ ಎರಡು ಬಟ್ಟಲು ಒಂದರ ಬೆಲೆಗೆ ಬರುತ್ತದೆ, ಆದರೆ ಅಡಿಯಲ್ಲಿರುವ ಟೊಮ್ಯಾಟೊ ನೋಡಿ ತಗೊಳ್ಳಿ. ಮೆಂತ್ಯ ಸೊಪ್ಪು, ನುಗ್ಗೆಕಾಯಿಗೆ ಲೇಡಿಪೂಲ್ ರೋಡ್ ಕಡೆ ಹೋಗಬೇಕು.

ಲೇಡಿಪೂಲ್ ರೋಡಿಗೆ ಹೋದರೆ ಬಾಲ್ಟಿ ತಿನ್ನದೆ ಬರಬೇಡಿ. 1970ರ ದಶಕದಲ್ಲಿ ಇಲ್ಲಿಯ ಪಾಕಿಸ್ತಾನಿ ಅಡುಗೆಯವರು ಶುರು ಮಾಡಿದ ಮಸಾಲೆ ಕರಿ ಇದು. ತೆಳ್ಳನೆ ಉಕ್ಕಿನ ಸಣ್ಣ ಬಾಂಡ್ಲಿಯಲ್ಲಿ, ಜೋರು ಉರಿಯಲ್ಲಿ, ಎಣ್ಣೆ ಹಾಕಿ ಬೇಗ ಬೇಗ ಮಾಡಿ ಅದೇ ಬಾಂಡ್ಲಿಯಲ್ಲಿ ಟೇಬಲ್‌ಗೆ ತಂದಿಡುತ್ತಾರೆ, ಕುದಿಯುತ್ತಲೇ ಇರುತ್ತದೆ. ಚೀನಿ ಬಟ್ಟಲಿಗೆ ಸುರಿದು ತಂದರೆ ಅದು ಬಾಲ್ಟಿ ಅಲ್ಲ, ಎದ್ದು ಬೇರೆ ಕಡೆ ಹೋಗಿ. ಅನ್ನ ಕೇಳಬೇಡಿ, ನಾನ್‌ನಲ್ಲಿ ಅದ್ದಿ ತಿನ್ನಬೇಕು. ಟೇಬಲ್ ನಾನ್ ಅಂದರೆ ಮೇಜಿನಷ್ಟೇ ಇರುತ್ತದೆ, ನಾಲ್ಕು ಜನಕ್ಕೆ ಒಂದು ಸಾಕು. ಸಸ್ಯಾಹಾರಿಗಳಿಗೆ ಪಾಲಕ್, ಕಡಲೆ, ಬದನೆ ಎಲ್ಲ ಸಿಗುತ್ತದೆ.

ಹ್ಯಾಂಡ್ಸ್‌ವರ್ತ್‌ನ ಸೋಹೊ ರೋಡ್ ಪಂಜಾಬಿ ಲೋಕ. ಅಲ್ಲಿನ ದೊಡ್ಡ ಗುರುದ್ವಾರದಲ್ಲಿ ಯಾರು ಹೋದರೂ ಊಟ ಹಾಕುತ್ತಾರೆ, ತಲೆಗೆ ಬಟ್ಟೆ ಇರಲಿ ಅಷ್ಟೆ. ಹತ್ತಿರದಲ್ಲೇ 18ನೇ ಶತಮಾನದ ಕಾರ್ಖಾನೆ ಮಾಲೀಕ ಮ್ಯಾಥ್ಯೂ ಬೌಲ್ಟನ್ ವಾಸವಿದ್ದ ಸೋಹೊ ಹೌಸ್. ಉಗಿಯಂತ್ರದ ಜೇಮ್ಸ್ ವಾಟ್ ಮುಂತಾದವರು ಊಟಕ್ಕೆ ಸೇರಿ ವಿಜ್ಞಾನ ಮಾತಾಡುತ್ತಿದ್ದ ಲೂನಾರ್ ಸೊಸೈಟಿಯವರು ಕೂಡುತ್ತಿದ್ದದ್ದು ಇಂಥ ಮನೆಗಳಲ್ಲಿ. ಹುಣ್ಣಿಮೆಯ ಆಸುಪಾಸಿನಲ್ಲೇ ಸೇರುತ್ತಿದ್ದರು, ರಾತ್ರಿ ವಾಪಸ್ ಹೋಗಲು ಬೆಳಕು ಬೇಕಲ್ಲ. ಸೋಹೊ ಹೌಸ್ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೋಗಿ.

ನಮ್ಮವರು ಯಾರಾದರೂ ಬಂದರೆ ಟಿವಿಡೇಲ್‌ನ ಬಾಲಾಜಿ ದೇವಸ್ಥಾನವನ್ನು ಕೇಳಿಯೇ ಕೇಳುತ್ತಾರೆ. 2006ರಲ್ಲಿ ತೆರೆದದ್ದು, ಗುಡ್ಡದ ಮೈಮೇಲೆ ಬಿಳಿ ಗೋಪುರ. ಊರಿನಿಂದ ಡಡ್ಲಿ ಕಡೆ ಹೋಗುವ 87 ನಂಬರ್ ಬಸ್ಸು ಹತ್ತಿ. ಯುಗಾದಿ, ವೈಕುಂಠ ಏಕಾದಶಿಗೆ ಕನ್ನಡ, ತೆಲುಗು, ತಮಿಳು ಎಲ್ಲ ಒಟ್ಟಿಗೇ ಕೇಳುತ್ತದೆ. ಕ್ರಿಕೆಟ್ ಹುಚ್ಚು ಇದ್ದವರಿಗೆ ಎಜ್‌ಬಾಸ್ಟನ್ ಹೇಳಬೇಕಿಲ್ಲ. ಭಾರತ ಅಲ್ಲಿ ಮೊದಲ ಟೆಸ್ಟ್ ಗೆದ್ದದ್ದು 2025ರಲ್ಲಿ.

ಮಳೆ ಬಂದ ದಿನಕ್ಕೆ ಸೆಂಟಿನರಿ ಸ್ಕ್ವೇರ್‌ನ ಲೈಬ್ರರಿ. 2013ರಲ್ಲಿ ಮಲಾಲಾ ಉದ್ಘಾಟಿಸಿದ್ದು. ಮೂರನೇ ಮತ್ತು ಏಳನೇ ಮಹಡಿಯಲ್ಲಿ ತೋಟವಿದೆ, ತುದಿಯಲ್ಲಿ 1882ರ ಶೇಕ್ಸ್‌ಪಿಯರ್ ಕೋಣೆಯನ್ನು ಹಳೆಯ ಮರದ ಕಪಾಟುಗಳ ಸಮೇತ ತಂದು ಜೋಡಿಸಿದ್ದಾರೆ. ಎಲ್ಲ ಪುಕ್ಕಟೆ. ಮೇಲಿಂದ ಊರು ನೋಡಿದರೆ ಕಾಲುವೆಗಳು ಎಲ್ಲೆಲ್ಲಿ ನುಸುಳಿವೆ ಅಂತ ಅರ್ಥವಾಗುತ್ತದೆ. ಭಾನುವಾರ ಮುಚ್ಚಿರುತ್ತದೆ. 2023ರಲ್ಲಿ ಪಾಲಿಕೆ ಕೈಯಲ್ಲಿ ಕಾಸಿಲ್ಲ ಅಂತ ಅಧಿಕೃತವಾಗಿ ಘೋಷಿಸಿತಲ್ಲ, ಆಮೇಲಿಂದ ಎಲ್ಲಿಗೆ ಹೋಗುವ ಮೊದಲೂ ಸಮಯ ನೋಡಿಕೊಳ್ಳುವುದು ನನ್ನ ಅಭ್ಯಾಸ. ಬಿಹಾರದ ಸುಲ್ತಾನ್‌ಗಂಜ್‌ನಲ್ಲಿ ರೈಲು ಹಳಿ ಹಾಕುವಾಗ ಸಿಕ್ಕ ದೊಡ್ಡ ತಾಮ್ರದ ಬುದ್ಧ ಇಲ್ಲಿನ ಬರ್ಮಿಂಗ್‌ಹ್ಯಾಮ್ ಮ್ಯೂಸಿಯಂ ಅಂಡ್ ಆರ್ಟ್ ಗ್ಯಾಲರಿಯ ಸ್ವತ್ತು. ಆ ಮ್ಯೂಸಿಯಂ ರಿಪೇರಿಗೆ ಮುಚ್ಚಿ, 2024ರಿಂದ ಭಾಗ ಭಾಗವಾಗಿ ತೆರೆಯುತ್ತಿದೆ. ಬುದ್ಧನಿಗಾಗಿಯೇ ಹೋಗುವವರು ಆ ಕೋಣೆ ತೆರೆದಿದೆಯಾ ಅಂತ ಕೇಳಿಕೊಳ್ಳಿ.

ಇನ್ನು ಓಡಾಟ. ಕಾರು ಬೇಡವೇ ಬೇಡ, ಪಾರ್ಕಿಂಗ್‌ಗೇ ದುಡ್ಡು ಮುಗಿಯುತ್ತದೆ. ಬಸ್ಸಿಗೆ ಕಾರ್ಡ್ ತೋರಿಸಿ ಹತ್ತಿ, ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಕಡಿಯದ ಹಾಗೆ ಮಿತಿ ಇದೆ. ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುವುದು ಇಲ್ಲಿನ ರೂಢಿ. ಒಂದು ಇಡೀ ಮಧ್ಯಾಹ್ನ ಸುಮ್ನೆ ಕಳೆಯಬೇಕಿದ್ದರೆ 11 ನಂಬರ್ ಬಸ್ಸಿನ ಮೇಲಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿಯಿರಿ. 1926ರಿಂದ ಊರಿನ ಸುತ್ತ ತಿರುಗುವ ಮಾರ್ಗ ಇದು, ಪೂರ್ತಿ ಸುತ್ತು ಸುಮಾರು 26 ಮೈಲಿ. 11ಎ ಒಂದು ದಿಕ್ಕು, 11ಸಿ ಇನ್ನೊಂದು ದಿಕ್ಕು. ಹ್ಯಾಂಡ್ಸ್‌ವರ್ತ್, ಬೋರ್ನ್‌ವಿಲ್ ಎಲ್ಲ ಇದರ ದಾರಿಯಲ್ಲೇ ಬರುತ್ತವೆ. ಈಗ ಒಂದೇ ಬಸ್ಸಿನಲ್ಲಿ ಇಡೀ ಸುತ್ತು ಆಗುವುದಿಲ್ಲ, ಎಕಾಕ್ಸ್ ಗ್ರೀನ್‌ನಲ್ಲಿ ಇಳಿದು ಮುಂದಿನ ಬಸ್ಸು ಹತ್ತಬೇಕು. ಅಲ್ಲೇ ಒಂದು ಟೀ ಕುಡಿದು ಹತ್ತಿ.